ತಿರುವಿನ ನೀಲಿ ಗೂಡು

ಪಕ್ಕದ ಗುಡಾರದವನು ಚಾಕು ಮಸೆಯಲು ಕೂತು ಅರ್ಧ ಗಂಟೆಯಾಗಿತ್ತು. ಕುರಿ ಕೊಯ್ಯುವಂಥ ಚಾಕು. ಕುರಿ ಮಾತ್ರ ಎಲ್ಲೂ ಕಾಣಲಿಲ್ಲ.

ನಿಕನೋರ್ ತನ್ನ ಗುಡಾರದ ಸಂದಿಯಿಂದ ಕದ್ದು ನೋಡಿದ. ಸರೋವರದ ಕಪ್ಪು ಮರಳಿನ ದಂಡೆಯಲ್ಲಿ ಇದ್ದದ್ದು ಎರಡೇ ಗುಡಾರ, ಇವನದೊಂದು, ಅವನದೊಂದು. ಹಿಂದೆ ಜ್ವಾಲಾಮುಖಿ ಬೀಡಿ ಸೇದುವ ಮುದುಕನ ಹಾಗೆ ಸಣ್ಣಗೆ ಹೊಗೆ ಬಿಡುತ್ತಿತ್ತು. ಹೊರಗೆ ಹೋಗಲು ಲಾವಾ ಬಂಡೆಗಳ ನಡುವೆ ಒಂದೇ ದಾರಿ. ಆ ದಾರಿಗೆ ಅಡ್ಡಲಾಗಿ ಅವನು ತನ್ನ ಲಾರಿ ನಿಲ್ಲಿಸಿದ್ದ. ಬೇಕೆಂದೇ ನಿಲ್ಲಿಸಿದ್ದು, ಅನುಮಾನವೇ ಬೇಡ.

ಬೆಳಿಗ್ಗೆ ಬರುವಾಗಲೇ ನಿಕನೋರನ ಎದೆ ಝಲ್ಲೆಂದಿತ್ತು. ತಿರುವಿನಲ್ಲಿರುವ ನೀಲಿ ಗೂಡಿನ ಮುಂದೆ ಈ ಮನುಷ್ಯ ಮೊಣಕಾಲೂರಿ ಕೂತಿದ್ದ. ಒಳಗಿದ್ದ ಪುಟ್ಟ ಉಣ್ಣೆ ಟೋಪಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಳುತ್ತಿದ್ದ. ಇನ್ಯಾರು? ಮಗುವಿನ ಅಪ್ಪ.

ಮೂರು ವರ್ಷದ ಹಿಂದೆ, ಇದೇ ದಿನ, ಬೆಟ್ಟ ಸಿಡಿದು ಬೂದಿ ಸುರಿದಿತ್ತು. ನಡುಹಗಲೇ ಕಗ್ಗತ್ತಲು. ಜೇನು ಮಾರಲು ಹೋಗಿದ್ದ ನಿಕನೋರ್ ಜೀವ ಕೈಯಲ್ಲಿ ಹಿಡಿದು ವ್ಯಾನ್ ಓಡಿಸಿಕೊಂಡು ಬರುತ್ತಿದ್ದ. ಆ ತಿರುವಿನಲ್ಲಿ ಚಕ್ರ ಮೆತ್ತಗಿನ ಯಾವುದರ ಮೇಲೋ ಹತ್ತಿ ಇಳಿಯಿತು. ಅವನು ನಿಲ್ಲಿಸಲಿಲ್ಲ.

ತಿಂಗಳು ಬಿಟ್ಟು ಬಂದಾಗ ಅದೇ ಜಾಗದಲ್ಲಿ ಅನಿಮಿತಾ ಎದ್ದಿತ್ತು. ದಾರಿಯಲ್ಲಿ ಸತ್ತವರ ಜೀವ ಸತ್ತ ಜಾಗ ಬಿಟ್ಟು ಕದಲುವುದಿಲ್ಲ, ಅದಕ್ಕೊಂದು ಮನೆ ಬೇಕಲ್ಲ, ಅದಕ್ಕೇ ಕಟ್ಟುವ ಮೊಣಕಾಲೆತ್ತರದ ಗೂಡು. ಹೆಸರಿಲ್ಲ, ಫೋಟೋ ಇಲ್ಲ. ಒಳಗೆ ಇದ್ದದ್ದು ಒಂದೇ ಒಂದು ಆಟಿಕೆ ಲಾರಿ.

ಅಯ್ಯೋ ದೇವರೇ, ಮಗು!

ಅಂದೇ ಅವನ ನಿದ್ದೆ ಹಾರಿತು. ಯಾರನ್ನಾದರೂ ಕೇಳೋಣವೆಂದರೆ ಬಾಯಿ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆದೀತೆಂಬ ಭಯ. ತಂಗಿಯ ಮಗುವಿಗೆಂದು ಹೆಂಡತಿಗೆ ಸುಳ್ಳು ಹೇಳಿ ಟೋಪಿ ಹೆಣೆಸಿ ತಂದು ಗೂಡಿನಲ್ಲಿಟ್ಟ. ಅಂದಿನಿಂದ ಪ್ರತಿ ವರ್ಷ ಈ ದಿನ ಬಂದು ಮೇಣದಬತ್ತಿ ಹಚ್ಚಿ, ಇಲ್ಲೇ ಗುಡಾರ ಹಾಕಿ ಉಳಿಯುತ್ತಿದ್ದ.

ಮಧ್ಯಾಹ್ನ ಈ ಜಾಗದ ಒಡತಿ ಒಟಿಲಿಯಾ ಕಾಫಿ ತಂದುಕೊಟ್ಟಳು.

“ಪುಡಿ ಹಾಲಿಂದು ಮಗಾ, ಬೈಕೋಬೇಡ. ಬೂದಿ ಬಿದ್ದಾಗಿಂದ ನಮ್ಮನೇಲಿ ಹಾಲಿನ ಭಾಗ್ಯ ಇಲ್ಲ.” ಆಮೇಲೆ ದನಿ ತಗ್ಗಿಸಿದಳು. “ಆ ಲಾರಿಯವನು ನಿನ್ನ ವಿಚಾರ ಕೇಳ್ತಿದ್ದ. ಗೂಡಿಗೆ ಬತ್ತಿ ಹಚ್ಚೋನು ಇವನೇನಾ ಅಂತ.”

“ನೀವೇನಂದ್ರಿ?”

“ಹೌದು ಅಂದೆ. ಇದ್ದದ್ದು ಇದ್ದ ಹಾಗೆ ಹೇಳೋಕೆ ನನಗೇನು ದಾಡಿ? ಯಾಕೋ, ಮುಖ ಸುಣ್ಣ ಆಯ್ತು?”

ಕಾಫಿ ಅಲ್ಲೇ ತಣ್ಣಗಾಯಿತು. ನಿಕನೋರನ ಕೈಕಾಲೂ ತಣ್ಣಗಾದವು.

ಈಗ ಚಾಕುವಿನ ಸದ್ದು ನಿಂತಿತು. ಬೂಟುಗಳು ಮರಳು ತುಳಿದುಕೊಂಡು ಬಂದವು. ಹಿಂದೆ ಮಂಜುಗಡ್ಡೆಯಂತೆ ಕೊರೆಯುವ ನೀರು, ಮುಂದೆ ಬಂಡೆ. ಓಡುವುದಾದರೂ ಎಲ್ಲಿಗೆ? ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಿಕನೋರ್ ತಾನೇ ಹೊರಗೆ ಬಂದ.

“ನಾನು ಎಲಿಸೆಯೊ,” ಎಂದ ಆ ದಾಂಡಿಗ. ಕಣ್ಣು ಕೆಂಡವಾಗಿತ್ತು. “ಮೂರು ವರ್ಷದಿಂದ ನಿಮ್ಮನ್ನ ಹುಡುಕ್ತಿದ್ದೀನಿ. ಇವತ್ತು ನೀವು ತಪ್ಪಿಸ್ಕೊಂಡು ಹೋಗಬಾರ್ದು ಅಂತ್ಲೇ ಲಾರಿ ಅಡ್ಡ ಹಾಕಿದ್ದು.”

ನಿಕನೋರ್ ಕಣ್ಣು ಮುಚ್ಚಿದ. ಹೆಂಡತಿಯ ನೆನಪಾಯಿತು. ಸತ್ಯ ಅವಳಿಗೊಬ್ಬಳಿಗಾದರೂ ಹೇಳಿಬಿಡಬೇಕಿತ್ತು.

ಚಾಕು ತಾಗಿತು. ತಾಗಿದ್ದು ಹಿಡಿ, ಅದೂ ಅವನ ಅಂಗೈಗೆ. ಎಲಿಸೆಯೊ ಅವನ ಮುಂದೆ ಮೊಣಕಾಲೂರಿ ಕೂತಿದ್ದ.

“ಹಿಡ್ಕೊಳ್ಳಿ ಯಜಮಾನ್ರೆ. ನಿಮ್ಮ ಮಗೂನ ಕೊಂದ ಪಾಪಿ ನಾನೇ. ಬೂದೀಲಿ ಕಣ್ಣು ಕಾಣ್ತಿರ್ಲಿಲ್ಲ, ಲಾರಿ ಏನಕ್ಕೋ ಬಡೀತು. ಹೆದ್ರಿ ಓಡಿಹೋದೆ. ಕೊಲ್ತೀರೋ ಉಳಿಸ್ತೀರೋ, ನಿಮಗೆ ಬಿಟ್ಟಿದ್ದು.”

ನಿಕನೋರನ ಕೈಯಿಂದ ಚಾಕು ಮರಳಿಗೆ ಬಿತ್ತು.

“ನನ್ನ ಮಗುನಾ? ನನಗೆ ಮಕ್ಕಳೇ ಇಲ್ಲ ಮಾರಾಯ! ಅದರ ಮೇಲೆ ವ್ಯಾನ್ ಹತ್ತಿಸಿದೋನು ನಾನು. ನೀವು ಅಪ್ಪ ಅಂದ್ಕೊಂಡು ಬೆಳಗಿನಿಂದ ಸಾಯ್ತಿದ್ದೀನಿ. ಆ ಗೂಡು ಕಟ್ಟಿದ್ದು ನೀವಲ್ವಾ?”

“ಕಟ್ಟಿದ್ದು ನಾನೇ. ಸತ್ತಿದ್ದು ಯಾರು ಅಂತಾನೂ ಗೊತ್ತಿರ್ಲಿಲ್ಲ. ಲಾರಿಯವನ ತಪ್ಪು ಅಂತ ದೇವರ ಮುಂದೆ ಒಪ್ಕೊಳ್ಳೋಕೆ ಆ ಆಟಿಕೆ ಲಾರಿ ಇಟ್ಟೆ. ಮುಂದಿನ ಸಲ ಬಂದ್ರೆ ಅದರ ಪಕ್ಕ ಪುಟ್ಟ ಟೋಪಿ! ಆಗ್ಲೇ ತಿಳೀತು, ಮಗು ಅಂತ.”

“ನಿಮ್ಮ ಲಾರಿ ನೋಡಿ ನಾನು ಆ ಟೋಪಿ ಇಟ್ಟಿದ್ದು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಭಯ ಹೋಗಲಿಲ್ಲ, ಇನ್ನೂ ಹೆಚ್ಚಾಯಿತು. ಹಾಗಾದರೆ ಆ ಗೂಡಿನಲ್ಲಿರುವ ಜೀವ ಯಾರದು? ಅದರ ಹೆತ್ತವರು ಎಲ್ಲಿದ್ದಾರೆ?

ಅಷ್ಟರಲ್ಲಿ ಒಟಿಲಿಯಾ ಟವೆಲ್ಲಿನಲ್ಲಿ ಬಿಸಿ ರೊಟ್ಟಿ ಸುತ್ತಿಕೊಂಡು ಬಂದಳು. ಮರಳಿನಲ್ಲಿ ಚಾಕು, ಪಕ್ಕದಲ್ಲಿ ಅಳುವ ಇಬ್ಬರು ಗಂಡಸರು. ಅವಳು ಅಲ್ಲೇ ನಿಂತಳು.

“ಅಮ್ಮಾ, ನಿಜ ಹೇಳಿ,” ನಿಕನೋರ್ ಮೂರು ವರ್ಷ ನುಂಗಿದ್ದ ಪ್ರಶ್ನೆಯನ್ನು ಕೊನೆಗೂ ಕಕ್ಕಿದ. “ಬೂದಿ ಬಿದ್ದ ದಿನ ಆ ತಿರುವಲ್ಲಿ ಸತ್ತ ಮಗು ಯಾರದು?”

“ಅದನ್ನ ನಾನೇ ನಿಮ್ಮನ್ನ ಕೇಳೋಣ ಅಂತಿದ್ದೆ,” ಎಂದಳು ಒಟಿಲಿಯಾ. “ಯಾರದೋ ಪಾಪದ ಕೂಸು, ಯಾವಾಗ ಸತ್ತಿತೋ ಅಂತ ಭಾನುವಾರ ಭಾನುವಾರ ನಾನೂ ಅಲ್ಲಿ ಪ್ರಾರ್ಥನೆ ಮಾಡಿ ಬರ್ತೀನಿ.”

ಆಮೇಲೆ ಅವಳು ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. “ಆದ್ರೆ ಬೂದಿ ಬಿದ್ದ ದಿನ ಅಲ್ಲಿ ಸತ್ತಿದ್ದು ನನ್ನ ಕೆಂಪು ಹಸು ಒಂದೇ ಅಲ್ವೇನ್ರಪ್ಪಾ?”