ಹೊಟ್ಟೆ ಮಾತ್ರ ಮುಟ್ಬೇಡ

ಮೈ ತಿಕ್ಕುತ್ತಿದ್ದ ಕೊಂಡಮ್ಮನ ಎಣ್ಣೆಗೈ ಅಭ್ಯಾಸಬಲದಿಂದ ಬಾಣಂತಿ ಆಶಾರಾಣಿಯ ಹೊಟ್ಟೆಗೆ ಜಾರಿ, ಅಲ್ಲೇ ನಿಂತಿತು. "ಆಪರೇಷನ್ ಆಗೈತೆ, ಹೊಟ್ಟೆ ಮಾತ್ರ ಮುಟ್ಬೇಡ" ಎಂದು ಅತ್ತೆ ಲಕ್ಷ್ಮೀನರಸಮ್ಮ ಕರೆಸುವಾಗಲೇ ಹೇಳಿದ್ದಳು. ಆದರೆ ಬೆರಳಿಗೆ ಹೊಲಿಗೆ ಸಿಗಲಿಲ್ಲ. ಹೆತ್ತು ಹನ್ನೊಂದು ದಿನದ ಹೊಟ್ಟೆ ಖಾಲಿ ಚೀಲದ ಹಾಗೆ ಸಡಿಲವಾಗಿರಬೇಕು. ಇದು ಮದುವೆಯಾಗದ ಹುಡುಗಿಯ ಹೊಟ್ಟೆಯಂತೆ ಬಿಗಿಯಾಗಿತ್ತು. ಆಶಾರಾಣಿ ಕಣ್ಣು ಮುಚ್ಚಿಕೊಂಡಳು.

"ಯಾಕೆ ಕೊಂಡಮ್ಮ, ನಿಲ್ಲಿಸ್ಬಿಟ್ಟೆ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದಳು.

"ಏನಿಲ್ಲಮ್ಮ, ಎಣ್ಣೆ ಆರೋಯ್ತು. ಮಗೂನ ಕೊಡಿ, ಅದಕ್ಕೂ ತಿಕ್ಬಿಡ್ತೀನಿ."

ಹುಟ್ಟಿದಾಗಿನಿಂದ ಬಾಟಲಿ ಹಾಲು ಉಗುಳಿ ಉಗುಳಿ ಅಳುತ್ತಿದ್ದ ಮಗು ಅದು. ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಕೊಂಡಮ್ಮ ಬಗ್ಗಿದ್ದೇ ತಡ, ಅಳು ಥಟ್ಟನೆ ನಿಂತಿತು. ಮಗು ಮುಖ ಹೊರಳಿಸಿ, ಮೂಗಿನಲ್ಲೇ ಹುಡುಕಿ, ಅವಳ ಸೆರಗಿನ ತುದಿಯನ್ನು ಬಾಯಿಗೆ ಸಿಕ್ಕಿಸಿಕೊಂಡು ಚೀಪತೊಡಗಿತು.

ಕೊಂಡಮ್ಮ ಆ ಸೆರಗನ್ನು ನೋಡಿದಳು. ಬೆಳಿಗ್ಗೆ ಪೆರೇಸಂದ್ರದಲ್ಲಿ ಇನ್ನೊಬ್ಬ ಬಾಣಂತಿ ಮುನಿಲಕ್ಷ್ಮಿಯ ಮೈ ತಿಕ್ಕುವಾಗ, ಅವಳ ಎದೆಯಿಂದ ಸುಮ್ಮನೆ ಸುರಿಯುತ್ತಿದ್ದ ಹಾಲನ್ನು ಅದೇ ಸೆರಗಿನಲ್ಲಿ ಒರೆಸಿದ್ದಳು. ಆ ಹಾಲು ಕುಡಿಯಲು ಮಗುವಿರಲಿಲ್ಲ. ಹನ್ನೊಂದು ದಿನದ ಹಿಂದೆ, ಹುಟ್ಟುತ್ತಲೇ ಸತ್ತಿತೆಂದು ಹೇಳಿ, ತಾಯಿಗೆ ಮುಖ ಕೂಡ ತೋರಿಸದೆ ಮಣ್ಣು ಮಾಡಿದ್ದರು.

ಕೊಂಡಮ್ಮ ತಲೆಯೆತ್ತಿದಳು. ಲಕ್ಷ್ಮೀನರಸಮ್ಮ ಚೀಪುತ್ತಿದ್ದ ಮಗುವನ್ನು ನೋಡುತ್ತಿರಲಿಲ್ಲ, ಸೆರಗಿನ ಮೇಲಿನ ಹಾಲಿನ ಕಲೆಯನ್ನೇ ನೋಡುತ್ತಿದ್ದಳು.

"ಏನ್ ಕೈಗುಣ ಕೊಂಡಮ್ಮ ನಿಂದು!" ಎಂದು ನಗುತ್ತಾ ಒಳಗೆ ಬಂದು, ಬಾಗಿಲ ಚಿಲಕ ಹಾಕಿದಳು.