ಮುಂದಿನ ಟೇಬಲ್

ಮುದ್ರೆ ಬಿದ್ದ ಸದ್ದು ಕೇಳಿದರೂ ದೋಣಿಯವನು ಕುರ್ಚಿ ಬಿಟ್ಟು ಏಳಲಿಲ್ಲ. ಬಿರುಗಾಳಿಗೆ ಮುರಿದುಬಿದ್ದ, ದೋಣಿ ಹತ್ತಿಳಿಯುವ ಮರದ ಜೆಟ್ಟಿಯನ್ನು ಮತ್ತೆ ಕಟ್ಟಲು ಅನುಮತಿ ಕೇಳಿ ಬಂದವನ ಚೀಲದಲ್ಲಿ ನಕ್ಷೆ, ಹಳೆಯ ಅರ್ಜಿಗಳು, ಮೂರು ದಿನಕ್ಕಾಗುವಷ್ಟು ಬಟ್ಟೆ ಇದ್ದವು. ಹೋದ ಸಲ ಇದೇ ಕೆಲಸಕ್ಕೆ ಹದಿನಾಲ್ಕು ತಿಂಗಳು ಅಲೆದಿದ್ದ. ಅಷ್ಟೂ ದಿನ, ಆಚೆ ದಡದ ಆಸ್ಪತ್ರೆಗೆ ಹೋಗುವ ರೋಗಿಗಳನ್ನು ಎದೆಮಟ್ಟದ ನೀರಿನಲ್ಲಿ ಹೊತ್ತು ದೋಣಿಗೆ ಹತ್ತಿಸಿದ್ದ.

"ಹಳೇ ಜಾಗ, ಹಳೇ ಅಳತೆ, ಒಂದು ಮರನೂ ಕಡಿಯಲ್ಲ ಅಂದ್ರಲ್ಲ, ಅಷ್ಟು ಸಾಕು," ಎಂದು ಪರಿಸರ ಇಲಾಖೆಯ ಅಧಿಕಾರಿ ಒಂದೇ ಒಂದು ಹಾಳೆಯನ್ನು ಮುಂದೆ ತಳ್ಳಿದರು.

"ಮುಂದಿನ ಟೇಬಲ್ ಯಾವುದು ಮೇಡಂ?"

"ಮುಂದಿನ ಟೇಬಲ್ಲೇ ಇಲ್ಲ ಯಜಮಾನ್ರೇ. ಗಾಳಿಗೆ ಬಿದ್ದಿದ್ದನ್ನ ಎತ್ತಿ ನಿಲ್ಲಿಸೋಕೆ ಈಗ ಇಷ್ಟೇ. ಹೋಗಿ, ಕಂಬ ನೆಡಿ."

ಅವನು ಹಾಳೆ ತಿರುಗಿಸಿ ನೋಡಿದ. ಹಿಂಬದಿ ಖಾಲಿಯಿತ್ತು. ಹೊರಗೆ ಬಂದು ಮಗಳಿಗೆ ಫೋನ್ ಮಾಡಿದ.

"ಯಾವಾಗ ಕೊಡ್ತಾರಂತೆ ಅಪ್ಪಾ?"

"ಕೊಟ್ರು."

"ಅಪ್ಪಾ, ನೀನು ಸರಿಯಾದ ಆಫೀಸಿಗೇ ಹೋಗಿದ್ದೀಯ ತಾನೆ?"

ಅವನು ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಆಮೇಲೆ ತನ್ನ ಹೆಬ್ಬೆರಳು ನೋಡಿಕೊಂಡ. ಹಾಳೆಯಿಂದ ಅಂಟಿದ ಮುದ್ರೆಯ ಮಸಿ ಇನ್ನೂ ಆರಿರಲಿಲ್ಲ.