ಫೈರ್‌ಮನ್ನನ ಮಗಳು

ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು. ಹಿಂದಿನ ಎರಡು ಪುಟ್ಟ ಡಬ್ಬಿಗಳ ತುಂಬ ಜನ ಕಾಯುತ್ತಿದ್ದರು. ಕ್ರೈಸ್ಟ್‌ಚರ್ಚ್ ಹೊರವಲಯದ ಪ್ರವಾಸಿಗರಿಗಾಗಿ ಎರಡು ಮೈಲಿ ಓಡುವ ಹಳೇ ಉಗಿಬಂಡಿಯಲ್ಲಿ ಅನುರಾಧಾ ಇವತ್ತು ಮೊದಲ ಸಲ ಒಬ್ಬಳೇ ಬೆಂಕಿ ನೋಡಿಕೊಳ್ಳುತ್ತಿದ್ದಳು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ, ಎರಡು ವರ್ಷ ಸಂಬಳವಿಲ್ಲದೆ ಇಲ್ಲಿ ಇಂಜಿನ್ ಒರೆಸಿ ಕಲಿತ ಕೆಲಸ.

"ಹತ್ತು ನಿಮಿಷದಲ್ಲಿ ಏರದಿದ್ದರೆ ಈ ಟ್ರಿಪ್ ರದ್ದು. ನಾನು ಸರಿಮಾಡಿಕೊಡಲಾ?" ಎಂದ ಡ್ರೈವರ್ ಬ್ರಯನ್.

"ಬೇಡ. ಒಂದು ಫೋನ್ ಮಾಡ್ತೀನಿ."

ಬಂಗಾರಪೇಟೆಯಲ್ಲಿ ಆಗ ಬೆಳಗಿನ ಕಾಫಿ ಹೊತ್ತು. ಕೋಲಾರದ ಪುಟ್ಟ ರೈಲಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿಯೇ ನಿವೃತ್ತರಾದ ಅಪ್ಪ ಪದ್ಮನಾಭರು ವಿಡಿಯೊದಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು. ಅವಳು ಫೋನನ್ನು ಒಲೆಯ ಬಾಗಿಲಿಗೆ ತಿರುಗಿಸಿದಳು.

"ಏನಮ್ಮ ಇದು, ಮಧ್ಯದಲ್ಲಿ ಕಲ್ಲಿದ್ದಲು ಗುಡ್ಡೆ ಹಾಕಿದೀಯಲ್ಲ! ಹಿಂದಿನ ಮೂಲೆಗಳು ಸತ್ತೇಹೋಗಿವೆ. ಗುಡ್ಡೆ ಸರಿಸು. ಮೂಲೆಗೆ ಅರ್ಧರ್ಧ ಸಲಿಕೆ ಹಾಕು. ಆತುರ ಬೇಡ."

ಹಾಗೇ ಮಾಡಿದಳು. ಮೂಲೆಗಳು ಕೆಂಪಾದವು, ಆಮೇಲೆ ಹಳದಿಯಾದವು. ಮುಳ್ಳು ಒಂದು ಗಳಿಗೆ ನಿಂತು, ಏರತೊಡಗಿತು. ಬಿಸಿ ಎಣ್ಣೆ, ಕಲ್ಲಿದ್ದಲ ಹೊಗೆ. ಸಂಜೆ ಮನೆಗೆ ಬರುತ್ತಿದ್ದ ಅಪ್ಪನ ಅಂಗಿಯ ವಾಸನೆ ಅದೇ. ಶ್ರೀನಿವಾಸಪುರ ಸ್ಟೇಷನ್ನಿನಲ್ಲಿ ಹತ್ತು ವರ್ಷದ ತಾನು ಇಂಜಿನ್ ಹತ್ತಲು ಕೈ ಚಾಚಿದ್ದು, ಅಪ್ಪ "ಹೋಗಾಚೆ!" ಎಂದು ಎಲ್ಲರೆದುರು ಗದರಿದ್ದು ನೆನಪಾಯಿತು. ಐವತ್ತು ವರ್ಷ ಕೇಳದೆ ಉಳಿದದ್ದನ್ನು ಈಗ ಕೇಳಿಬಿಟ್ಟಳು.

"ಅಪ್ಪ, ಅವತ್ತು ನನ್ನ ಯಾಕೆ ಹತ್ತಿಸ್ಕೊಳ್ಳಲಿಲ್ಲ? ಹೆಣ್ಣುಹುಡುಗಿ ಅಂತಲಾ?"

"ಅಯ್ಯೋ, ಅದೆಲ್ಲ ಏನಿಲ್ಲ ಕಣಮ್ಮ. ಇಂಜಿನ್ ಮೇಲೆ ಆ ಡ್ರೈವರು ನನ್ನನ್ನ ನಮ್ಮಮ್ಮನ್ನೂ ಸೇರಿಸಿ ಬಾಯಿಗೆ ಬಂದಂಗೆ ಬೈತಿದ್ದ. ನಿನ್ನ ಕಿವಿಗೆ ಬೀಳಬಾರದು ಅಂತ."

ಅಷ್ಟರಲ್ಲಿ ಬ್ರಯನ್ ಅವಳತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಏನಂತಾನೆ?" ಅಪ್ಪ ಕೇಳಿದರು.

"ನಾನು ಹೂಂ ಅಂದಮೇಲೆ ಹೊರಡೋದಂತೆ."

"ಡ್ರೈವರು? ನಿನ್ನ ಕೇಳ್ತಿದಾನಾ?"

"ಹೌದಪ್ಪ."

ಪದ್ಮನಾಭರು ಫೋನನ್ನು ಕಾಫಿ ಲೋಟಕ್ಕೆ ಒರಗಿಸಿಟ್ಟು ಎದ್ದುಹೋದರು. ಬನಿಯನ್ ಮೇಲೆ ಷರ್ಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬಂದು ನೆಟ್ಟಗೆ ಕೂತರು.

"ಈಗ ಹೂಂ ಅನ್ನು," ಎಂದರು.